ಕಿಟಕಿಯ ಮೇಲಿನ ಹತ್ತು ಕಾಳು

"ಎಣಿಸಿ ನೋಡಿ, ಎಜೆ," ಎಂದೆ.

ನಾನು ಎಜೆ, ಅಂದರೆ ಅಕ್ಕ, ಎಂದು ಕರೆಯುವ ಬುರುಲ್‌ಕಾನ್ ಎಣಿಸಲಿಲ್ಲ. ನಾನು ಮೇಜಿನ ಮೇಲೆ ಸುರಿದ ಬಿಳಿ ಬೀನ್ಸ್ ಕಾಳುಗಳನ್ನು ಒಮ್ಮೆ ನೋಡಿ, ತೊಡೆಯ ಮೇಲಿದ್ದ ಮೊಮ್ಮಗನ ಟೋಪಿ ಸರಿಮಾಡಿದರು. ಟೋಪಿ ಮೊದಲೇ ಸರಿಯಾಗಿತ್ತು.

"ಹತ್ತು ಇವೆ. ಮೇಷ್ಟ್ರು ಸತ್ತ ದಿನ ನಿಮ್ಮ ಕೋಣೆಯ ಕಿಟಕಿ ಮೇಲೆ, ಬೋರಲು ಹಾಕಿದ್ದ ಬಟ್ಟಲ ಅಡೀಲಿ ಇದ್ವು. ನಮ್ಮ ಠಾಣೆ ಹುಡುಗರು ನೋಡಿ ನಕ್ಕು ಬಿಟ್ಟುಹೋದ್ರು. ನಾನು ಜೇಬಿಗೆ ಹಾಕ್ಕೊಂಡೆ."

"ಶಕುನ ಕೇಳ್ತಿದ್ದೆ. ಗಂಡ ಹಾಸಿಗೆ ಹಿಡಿದಿದ್ದ. ಕಾಳು ಹಾಕೋದೂ ಈಗ ಅಪರಾಧವೇನೋ ಎಸೆನ್‌ಕುಲ್?"

"ಶಕುನಕ್ಕೆ ನಲವತ್ತೊಂದು ಕಾಳು ಬೇಕು. ಒಂಬತ್ತು ಗುಡ್ಡೆ, ಮಿಕ್ಕಿದ್ದು ಬದಿಗೆ. ಒಂದು ಗುಡ್ಡೇಲಿ ನಾಲ್ಕಕ್ಕಿಂತ ಹೆಚ್ಚು ಕೂರೋದಿಲ್ಲ. ನಮ್ಮಮ್ಮ ದಿನಾ ಹಾಕ್ತಾಳೆ, ನಾನು ಆ ಕಾಳಿನ ಮಧ್ಯಾನೇ ತೆವಳಿ ಬೆಳೆದೋನು. ಒಂದೇ ಗುಡ್ಡೇಲಿ ಹತ್ತು ಕಾಳು ಅಂದ್ರೆ ಅದು ಶಕುನ ಅಲ್ಲ ಎಜೆ. ಅದು ಲೆಕ್ಕ."

ಗೋಡೆಯ ಗಡಿಯಾರ ಮೂರೂಕಾಲು ತೋರಿಸುತ್ತಿತ್ತು.

ಇಪ್ಪತ್ತೊಂಬತ್ತು ದಿನಗಳ ಹಿಂದೆ ಇದೇ ಮನೆಯಲ್ಲಿ ತುರ್ದುಬೆಕ್ ಮೇಷ್ಟ್ರು ಬೆಳಗಿನ ಚಹಾ ಕುಡಿದು ನಲವತ್ತು ನಿಮಿಷದಲ್ಲಿ ಸತ್ತಿದ್ದರು. ಚಹಾ ಕೊಟ್ಟ ಸೊಸೆ ಕನಿಶಾಯ್ ಅಂದಿನಿಂದ ನಮ್ಮ ಠಾಣೆಯ ಕೊಠಡಿಯಲ್ಲಿದ್ದಾಳೆ. ನಾಳೆ ಬೆಳಿಗ್ಗೆ ವ್ಯಾನು ಬಂದು ಅವಳನ್ನು ನಗರದ ಸೆರೆಮನೆಗೆ ಒಯ್ಯುತ್ತದೆ. ಒಮ್ಮೆ ಹೋದವರನ್ನು ಅಲ್ಲಿಂದ ವಾಪಸು ತರುವುದು ನನ್ನಂಥ ಜಿಲ್ಲಾ ಇನ್ಸ್‌ಪೆಕ್ಟರನ ಕೈಯಲ್ಲಿಲ್ಲ. ಅವಳನ್ನು ಉಳಿಸುವ ಕಾಗದವೇನಾದರೂ ಇದ್ದರೆ ಅದು ಇವತ್ತು ಸಂಜೆ ಆರರೊಳಗೆ ಪ್ರಾಸಿಕ್ಯೂಟರ್ ಕೈ ಸೇರಬೇಕಿತ್ತು. ಆರಕ್ಕೆ ಆತ ಬಾಗಿಲು ಹಾಕಿಕೊಂಡು ಮೀನು ಹಿಡಿಯಲು ಸರೋವರಕ್ಕೆ ಹೋಗುತ್ತಾನೆ, ಎರಡು ದಿನ ಬರುವುದಿಲ್ಲ.

ಕನಿಶಾಯ್ ಮೊದಲ ಅರ್ಧ ಗಂಟೆಯಲ್ಲೇ ಎಲ್ಲವನ್ನೂ ಒಪ್ಪಿಕೊಂಡಿದ್ದಳು. ಮಾವನಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ಡಾಕ್ಟರು ಮನೆಯವರಿಗೆ ಹೇಳಿದ್ದರು, ಮಾವನಿಗಲ್ಲ. ನಮ್ಮ ಕಡೆ ರೋಗಿಯೊಬ್ಬನನ್ನು ಬಿಟ್ಟು ಉಳಿದ ಎಲ್ಲರಿಗೂ ರೋಗದ ಹೆಸರು ಗೊತ್ತಿರುತ್ತದೆ. ಮೇಷ್ಟ್ರಿಗೆ ಹೇಳಿದ್ದು ಪಿತ್ತಕೋಶದ ಉರಿ ಎಂದು. ಕನಿಶಾಯ್ ಪೇಟೆಯ ಬಜಾರಿಗೆ ಹೋಗಿ ವತ್ಸನಾಭಿ ಬೇರಿನ ರಸದ ಒಂದು ಸೀಸೆ ತಂದಳು. ನಮ್ಮ ಬೆಟ್ಟದ ಬೇರು, ಹಳಬರು ಬೇಟೆಯ ಬಾಣಕ್ಕೆ ಸವರುತ್ತಿದ್ದ ವಿಷ. ಗಡ್ಡೆ ಕರಗಿಸುತ್ತದೆ ಎಂದು ಸರೋವರದ ಎರಡೂ ದಡದಲ್ಲಿ ನಂಬುತ್ತಾರೆ. ಹೊಸ ಚಂದ್ರ ಕಂಡ ದಿನ ಒಂದು ಹನಿ, ಮರುದಿನ ಎರಡು, ಹೀಗೆ ಹತ್ತರವರೆಗೆ ಏರಿ ಮತ್ತೆ ಇಳಿಯಬೇಕು. ಯಾರೇ ಕುಡಿಯಲಿ, ಶುರು ಮಾಡುವುದು ಮಾತ್ರ ಹೊಸ ಚಂದ್ರನಂದೇ.

"ಕೇಳಿದ್ರೆ ಅವರು ಕುಡೀತಿರ್ಲಿಲ್ಲ ಸಾರ್," ಎಂದಿದ್ದಳು ಹುಡುಗಿ. "ಅದಕ್ಕೇ ಚಹಾದಲ್ಲಿ ಹಾಕ್ತಿದ್ದೆ. ದಿನಕ್ಕೊಂದು ಗಂಟು, ತೊಟ್ಟಿಲ ಪಟ್ಟಿಗೆ ಹಾಕಿ ನೆನಪಿಟ್ಕೊಂಡಿದ್ದೆ. ಹತ್ತೇ ಹನಿ ಸಾರ್. ನನ್ನ ಮಗನ ಮೇಲಾಣೆ."

ತೊಟ್ಟಿಲ ಪಟ್ಟಿಯಲ್ಲಿ ಹತ್ತು ಗಂಟು ಇದ್ದವು. ಬಜಾರಿನ ಸೀಸೆಯನ್ನು ಪರೀಕ್ಷೆಗೆ ಕಳಿಸಿದೆ. ಅರ್ಧಕ್ಕರ್ಧ ನೀರು, ಹತ್ತು ಹನಿಗೆ ಬೆಕ್ಕೂ ಸಾಯದು ಎಂದು ಬರೆದು ಕಳಿಸಿದರು. ಹಾಗಾದರೆ ಅವಳು ಹೆಚ್ಚು ಸುರಿದಿರಬೇಕು ಎಂದು ಪ್ರಾಸಿಕ್ಯೂಟರ್ ತೀರ್ಮಾನಿಸಿದ. ಸೀಸೆ ಮುಕ್ಕಾಲು ತುಂಬಿತ್ತು ಎಂದು ನಾನು ಮೂರು ಸಲ ಹೇಳಿದೆ. ತಾನಾಗಿ ತಪ್ಪೊಪ್ಪಿಕೊಂಡ ಹೆಣ್ಣನ್ನು ಬಿಡಿಸಲು ಒದ್ದಾಡುತ್ತೀಯಲ್ಲ, ನಿನಗೇನು ತಲೆ ಕೆಟ್ಟಿದೆಯಾ ಎಂದು ಕೇಳಿದ.

ಈ ಕೇಸಿನಲ್ಲಿ ನನ್ನನ್ನು ಕಾಡುತ್ತಿದ್ದದ್ದು ಬೇರೊಂದು ವಿಷಯ. ಸತ್ತವರು ಬೇರೆ ಯಾರೋ ಆಗಿದ್ದರೆ ಅರ್ಥವಾಗುತ್ತಿತ್ತು. ಅವರು ರಾಜಧಾನಿಯ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಇದೇ ಬೇರಿನ ರಸ ತೆಗೆದು, ಅದರೊಳಗಿನ ಸತ್ವಗಳನ್ನು ಒಂದೊಂದಾಗಿ ಬೇರ್ಪಡಿಸಿ ನೋಡಿದವರು. ಮಾಸ್ಕೋದ ಒಕ್ಕೂಟ ಒಡೆದ ಮೇಲೆ ಪ್ರಯೋಗಾಲಯದ ದೀಪ ಆರಿತು, ಇಲಿಗಳು ಹಸಿದು ಸತ್ತವು, ಫ್ರಿಜ್ಜುಗಳನ್ನು ಯಾರೋ ಮಾರಿಕೊಂಡರು. ಮೇಷ್ಟ್ರು ಒಂದು ಪೆಟ್ಟಿಗೆ ನೋಟುಪುಸ್ತಕ ಹೊತ್ತು ಊರಿಗೆ ಬಂದು ಶಾಲೆಯಲ್ಲಿ ಮೇಷ್ಟ್ರಾದರು.

ಬಂದ ವರ್ಷವೇ ಊರಿನ ಸಭಾಂಗಣದಲ್ಲಿ ನಿಂತು ಅವರು ಆಡಿದ ಮಾತು ನನಗೆ ಬಾಯಿಪಾಠವಾಗಿದೆ. "ಗಾಜಿನ ತಟ್ಟೇಲಿ ಗಡ್ಡೆಯ ಜೀವಕೋಶ ಸತ್ತಿದ್ದು ನಿಜ, ನಾನೇ ನೋಡಿದ್ದೀನಿ. ಆದ್ರೆ ತಟ್ಟೇಲಿ ವಿನೆಗರ್ ಹಾಕಿದ್ರೂ ಸಾಯುತ್ತೆ. ಗಡ್ಡೆ ಸಾಯ್ಬೇಕು, ಮನುಷ್ಯ ಉಳೀಬೇಕು. ಅವೆರಡರ ಮಧ್ಯೆ ಒಂದು ಕೂದಲೆಳೆಯಷ್ಟು ಜಾಗ ಇದೆ. ಅದು ಸಿಕ್ಕಿದ ದಿನ ಇದು ಔಷಧ. ಅಲ್ಲೀತನಕ ವಿಷ. ದಮ್ಮಯ್ಯ, ಬಾಯಿಗೆ ಹಾಕ್ಬೇಡಿ."

ಜನ ಚಪ್ಪಾಳೆ ತಟ್ಟಿ ಮನೆಗೆ ಹೋಗಿ ಕುಡಿಯುವುದನ್ನು ಮುಂದುವರಿಸಿದರು. ಸಾಯುವವನಿಗೆ ಕೂದಲೆಳೆಯ ಲೆಕ್ಕ ಯಾಕೆ ಬೇಕು? ನಮ್ಮ ಜಿಲ್ಲೆಯಲ್ಲಿ ಕ್ಯಾನ್ಸರಿಗೆ ಇದ್ದದ್ದು ಆ ಬೇರು, ಆಮೇಲೆ ಗೋರಿ. ನಡುವೆ ಬೇರೇನೂ ಇರಲಿಲ್ಲ.

"ಇನ್ನೊಂದು ಕೇಳ್ತೀನಿ ಎಜೆ," ಎಂದೆ. "ಚಹಾಕ್ಕೆ ಮುಂಚೆ ಅವರು ನೀರೂ ಮುಟ್ಟಿರ್ಲಿಲ್ಲ ಅಂತ ಹೇಳಿಕೆ ಕೊಟ್ರಿ. ಸಹಿ ಹಾಕಿದ್ರಿ."

"ಮುಟ್ಟಿರ್ಲಿಲ್ಲ."

"ಮಣ್ಣಿನ ದಿನ ನಾನು ಅಂಗಳದಲ್ಲಿ ಗಂಡಸರ ಜೊತೆ ನಿಂತಿದ್ದೆ. ನೀವು ಒಳಗೆ ಹಾಡ್ತಿದ್ರಿ."

ಅವರ ಕೈ ಮಗುವಿನ ಬೆನ್ನ ಮೇಲೆ ನಿಂತಿತು.

ಸತ್ತವರ ಮನೆಯಲ್ಲಿ ಹೆಂಗಸರು ಗೋಡೆಗೆ ಮುಖ ಮಾಡಿ, ಸೊಂಟಕ್ಕೆ ಕೈ ಒತ್ತಿ ಕೂತು ಹಾಡಿ ಅಳುತ್ತಾರೆ. ಮದುವೆಯಾಗಿ ಬಂದ ದಿನದಿಂದ ಕೊನೆಯ ದಿನದವರೆಗೆ ಎಲ್ಲವನ್ನೂ ಹಾಡುತ್ತಾರೆ, ಹೊಡೆದದ್ದನ್ನೂ ಮುದ್ದಾಡಿದ್ದನ್ನೂ. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ನನ್ನ ಮುಂದೆ ಸುಳ್ಳು ಹೇಳದವರು ಇಲ್ಲ, ಆದರೆ ಗೋಡೆಗೆ ಮುಖ ಮಾಡಿ ಕೂತವಳು ಸುಳ್ಳು ಹೇಳಿದ್ದನ್ನು ನಾನು ಕೇಳಿಲ್ಲ.

"'ಮುಂಜಾನೆ ಜೇನುನೀರು ಕೊಟ್ಟ ಕೈ ಯಾಕೆ ಬತ್ತಿಹೋಗಲಿಲ್ಲ' ಅಂತ ಹಾಡಿದ್ರಿ. ಎರಡು ಸಲ. ಅವತ್ತು ನನಗೂ ಹೊಳೀಲಿಲ್ಲ. ದುಃಖ ಅಂದ್ಕೊಂಡೆ."

"ದುಃಖಾನೇ," ಎಂದರು.

"ಆಯ್ತು." ಕೋಟಿನ ಒಳಜೇಬಿನಿಂದ ಮೂರನೆಯ ಸಾಕ್ಷಿಯನ್ನು ತೆಗೆದಿಟ್ಟೆ. ಕಂದು ಬಣ್ಣದ ಸಣ್ಣ ಸೀಸೆ, ಕೊರಳಿಗೆ ಕೆಂಪು ಉಣ್ಣೆದಾರ. ಸರೋವರದ ಈ ದಡದಲ್ಲಿ ಸೀಸೆಗೆ ಕೆಂಪು ದಾರ ಕಟ್ಟುವವಳು ಒಬ್ಬಳೇ, ಬೆಟ್ಟದ ಬುಡದ ಸೊನುನ್. ಬೇರು ಅಗೆಯುವವಳು. ರೋಗಿ ಸತ್ತರೆ ಉಳಿದ ಮದ್ದನ್ನು ಚೆಲ್ಲುವಂತಿಲ್ಲ, ಅಗೆದವಳಿಗೇ ಮರಳಿಸಬೇಕು, ಅವಳು ಅದನ್ನು ಬೇರು ಕಿತ್ತ ಗುಣಿಗೇ ಸುರಿದು ಮುಚ್ಚಬೇಕು. ಈ ಸೀಸೆಯನ್ನು ಸುರಿಯಲು ಸೊನುನ್‌ಗೆ ಧೈರ್ಯ ಬಂದಿರಲಿಲ್ಲ. ಇವತ್ತು ಬೆಳಿಗ್ಗೆ ಬಂದು ನನ್ನ ಮೇಜಿನ ಮೇಲಿಟ್ಟು, ತಂದುಕೊಟ್ಟವರ ಹೆಸರು ಹೇಳಿದಳು. ಹೊರಡುವಾಗ ಬಾಗಿಲಲ್ಲಿ ನಿಂತು, "ನಿನಗೆ ಊಟ ಸೇರುತ್ತೇನಪ್ಪಾ?" ಎಂದೂ ಕೇಳಿದಳು. ಮುದುಕಿಯರು ಕೇಳುವ ಮಾತು, ನಾನು ಹೂಂ ಎಂದೆ.

ಊಟ ಸೇರುತ್ತಿರಲಿಲ್ಲ. ಎರಡು ತಿಂಗಳ ಹಿಂದೆ ನಗರದ ಡಾಕ್ಟರು ಹುಣ್ಣು ಎಂದಿದ್ದರು. ಪಥ್ಯ ವಿವರಿಸಲು ಹೆಂಡತಿಯನ್ನು ಒಳಗೆ ಕರೆದು ನನ್ನನ್ನು ಓಣಿಯ ಬೆಂಚಿನ ಮೇಲೆ ಕೂರಿಸಿದ್ದರು. ಅಂದಿನಿಂದ ನನ್ನ ತಟ್ಟೆಯಲ್ಲಿ ಖಾರವಿಲ್ಲ, ಕೊಬ್ಬಿಲ್ಲ, ಸುಖವಿಲ್ಲ. ನಾಲಿಗೆಯಡಿ ಇಡುವ ಹಸಿರು ತಂಬಾಕೊಂದೇ ಉಳಿದಿತ್ತು. ಅದೂ ಈಚೆಗೆ ಜೋರಾಗಿ, ಸಂಜೆಯಾದರೆ ತುಟಿ ಜೋಮು ಹಿಡಿಯುತ್ತಿತ್ತು.

ಬುರುಲ್‌ಕಾನ್ ಸೀಸೆಯನ್ನೇ ನೋಡುತ್ತ ಕೂತರು. ಮಗು ಅಳತೊಡಗಿತು. ಆಡಿನ ಹಾಲಿನ ಬಾಟಲಿ ಬಾಯಿಗಿಟ್ಟರು, ಅದು ಮುಖ ತಿರುಗಿಸಿತು. ಮತ್ತೆ ಇಟ್ಟರು, ಮತ್ತೆ ತಿರುಗಿಸಿತು.

"ಇಪ್ಪತ್ತೊಂಬತ್ತು ದಿನ," ಎಂದೆ. "ಇನ್ನೂ ಬಾಟಲಿ ಹಿಡೀತಿಲ್ಲ ಅಲ್ವಾ? ಅಲ್ಲಿ ಕೊಠಡೀಲಿ ಅವಳ ಅಂಗಿ ಎರಡೂ ಕಡೆ ಒದ್ದೆ ಆಗಿರುತ್ತೆ ಎಜೆ. ಕಾವಲಿನೋನು ನೋಡಲಾರದೆ ಮುಖ ಆ ಕಡೆ ಮಾಡ್ಕೊಂಡು ಕೂರ್ತಾನೆ."

"ಸಾಕು ಬಿಡೋ."

"ಹತ್ತು ಕಾಳು, ಹತ್ತು ಗಂಟು. ಒಂದೇ ಮನೇಲಿ ಎರಡು ಲೆಕ್ಕ. ನೀವು ಹಾಸಿಗೆ ಹತ್ರ ಜೇನುನೀರಲ್ಲಿ ಹತ್ತು ಹನಿ ಕೊಟ್ರಿ, ಅರ್ಧ ಗಂಟೆ ಕಳೆದು ಅವಳು ಚಹಾದಲ್ಲಿ ಹತ್ತು. ಅವಳದ್ದು ನೀರು ಬೆರೆಸಿದ್ದು. ಸೊನುನ್ ಕೊಟ್ಟಿದ್ದರಲ್ಲಿ ನೀರಿಲ್ಲ. ಎರಡೂ ಹೊಟ್ಟೇಲಿ ಸೇರ್ತು."

"ಸಾಕು ಅಂದೆ!"

ಆ ಕೂಗಿಗೆ ಮಗು ಬೆದರಿ ಸುಮ್ಮನಾಯಿತು. ಬುರುಲ್‌ಕಾನ್ ಅದನ್ನು ಹಾಸಿನ ಮೇಲೆ ಮಲಗಿಸಿ, ತಲೆವಸ್ತ್ರದ ತುದಿಯಿಂದ ಬಾಯಿ ಒರೆಸಿಕೊಂಡರು. ಅಳಲಿಲ್ಲ. ಅತ್ತಿದ್ದರೆ ನನಗೆ ಹಗುರಾಗುತ್ತಿತ್ತು.

"ಅವಳೂ ಹಾಕ್ತಿದ್ಲು ಅಂತ ನನಗೆ ಯಾವಾಗ ಗೊತ್ತಾಯ್ತು, ಗೊತ್ತಾ ನಿನಗೆ? ಇದೇ ಬಾಗಿಲಲ್ಲಿ ನಿಂತು ನಿನಗೆ 'ಹತ್ತೇ ಹನಿ ಸಾರ್' ಅಂದಾಗ. ನಾನು ಇಲ್ಲಿ ಕೂತಿದ್ದೆ. ನನ್ನ ಕೈಲಿ ಅವರ ಟೋಪಿ ಇತ್ತು."

"ಆಗಲೇ ಹೇಳ್ಬಹುದಿತ್ತಲ್ಲ."

"ಏನಂತ? ನಾವಿಬ್ರೂ ಸೇರಿ ಕೊಂದ್ವಿ ಅಂತಲಾ? ಒಂದೇ ಸೂರಿನ ಕೆಳಗೆ ಹತ್ತು ದಿನ ಒಬ್ಬರಿಗೊಬ್ಬರು ಬೆನ್ನು ಹಾಕಿ ಹನಿ ಎಣಿಸಿದ್ವಿ. ಅವಳು ಒಲೆ ಹತ್ರ, ನಾನು ಕಿಟಕಿ ಹತ್ರ. ರೋಗದ ಹೆಸರು ಬಾಯಿಗೆ ತಂದ್ರೆ ಅದು ಮನೆ ಹೊಕ್ಕುತ್ತೆ ಅಂತ ಇಬ್ರೂ ತುಟಿ ಹೊಲ್ಕೊಂಡಿದ್ವಿ."

"ಅವಳು ಕೊಠಡೀಲಿ ಕೊಳೀತಿರುವಾಗ್ಲೂ ಹೊಲ್ಕೊಂಡೇ ಇದ್ರಲ್ಲ."

ಅವರು ನನ್ನನ್ನು ನೇರವಾಗಿ ನೋಡಿದರು. "ಮಗ ಮಾಸ್ಕೋದಿಂದ ಮಣ್ಣಿಗೆ ಬಂದಿದ್ದ. ಅವನ ಮುಖ ನೋಡಿದೆ. ಅವನಿಗೆ ಇನ್ನೊಬ್ಬ ಹೆಂಡ್ತಿ ಸಿಗ್ತಾಳೆ, ಇನ್ನೊಬ್ಬ ಅಮ್ಮ ಎಲ್ಲಿ ಸಿಗ್ತಾಳೆ ಅಂದ್ಕೊಂಡೆ. ಬಯ್ಯೋದಾದ್ರೆ ಬಯ್ಯಿ."

ಬಯ್ಯಲಿಲ್ಲ. ಬಯ್ಯುವಷ್ಟು ಸಿಟ್ಟು ಬಂದಿತ್ತು, ಆದರೆ ಆ ಸಿಟ್ಟಿನ ಕೆಳಗೆ ಬರೀ ಆಯಾಸವಿತ್ತು. ಕೊಲೆಗಾರನೇ ಇಲ್ಲದ ಕೊಲೆ. ದ್ವೇಷವಿಲ್ಲ, ಆಸೆಬುರುಕತನವಿಲ್ಲ, ಹಿಡಿದು ಒದೆಯಲು ಒಬ್ಬ ಪಾಪಿಯೂ ಇಲ್ಲ. ಒಬ್ಬ ಮುದುಕನನ್ನು ಉಳಿಸಿಕೊಳ್ಳಲು ಇಬ್ಬರು ಹೆಂಗಸರು ಒದ್ದಾಡಿದರು, ಅಷ್ಟೇ.

"ಇನ್ನೂ ಒಂದಿದೆ," ಎಂದು ಅವರೇ ಎದ್ದರು. ಗೋಡೆಗೆ ಒಟ್ಟಿದ್ದ ರಜಾಯಿಗಳ ಸಾಲಿನಲ್ಲಿ ಕೈ ತೂರಿಸಿ, ಕಪ್ಪು ರಟ್ಟಿನ ಒಂದು ನೋಟುಪುಸ್ತಕ ಎಳೆದರು. "ಅವರ ತಲೆದಿಂಬಿನಡಿ ಇತ್ತು. ಓದಿ ನೀನೇ ತೀರ್ಮಾನ ಮಾಡು, ಕೊಂದೋರು ಯಾರು ಅಂತ."

ಮೇಷ್ಟ್ರ ಅಕ್ಷರ ಅಚ್ಚಿನಂತಿತ್ತು. ಕೊನೆಯ ಪುಟಗಳಲ್ಲಿ ದಿನಕ್ಕೆರಡು ಸಾಲು.

ನಾಲ್ಕನೆಯ ದಿನ. ಜೇನುನೀರಿನ ನಂತರ ತುಟಿಯ ಬಲಭಾಗ ಜೋಮು, ಹನ್ನೆರಡು ನಿಮಿಷ. ಇದು ನನ್ನ ಬೇರು. ಅಂದರೆ ನನಗಿರುವುದು ಪಿತ್ತಕೋಶದ ಉರಿಯಲ್ಲ.

ಆರನೆಯ ದಿನ. ಚಹಾದ ನಂತರ ಮತ್ತೆ ಜೋಮು. ಎರಡು ಕೈ. ಒಂದಕ್ಕೊಂದು ತಿಳಿಯದು.

ಎಂಟನೆಯ ದಿನ. ನೋವು ಇಳಿದಿದೆ, ಮೂರು ತಿಂಗಳಲ್ಲಿ ಮೊದಲ ಸಲ. ಮೂವತ್ತು ವರ್ಷ ತಟ್ಟೆಯಲ್ಲಿ ನೋಡಿದ್ದು ನನ್ನೊಳಗೆ ಆಗುತ್ತಿದೆಯೋ, ಇಬ್ಬರ ಕೈಯ ಋಣದಿಂದ ಹಾಗನ್ನಿಸುತ್ತಿದೆಯೋ, ಹೇಳಲಾರೆ. ಹೋಲಿಸಿ ನೋಡಲು ಇನ್ನೊಬ್ಬ ರೋಗಿಯಿಲ್ಲ.

ಒಂಬತ್ತನೆಯ ದಿನ. ಎದೆ ಬಡಿತ ತಪ್ಪುತ್ತಿದೆ. ನಿಲ್ಲಿಸಬೇಕು. ಬೇಡವೆಂದರೆ ನನಗೆ ಗೊತ್ತಾಗಿದೆ ಎಂದು ಅವರಿಗೆ ಗೊತ್ತಾಗುತ್ತದೆ. ಬುರುಲ್‌ಕಾನ್ ಇವತ್ತು ಎಷ್ಟೋ ದಿನಗಳ ಮೇಲೆ ನಕ್ಕಳು. ನಾಳೆ ಹೇಳುತ್ತೇನೆ.

ಮುಂದಿನ ಪುಟ ಖಾಲಿ.

ಇಡೀ ಜಿಲ್ಲೆಯಲ್ಲಿ ಆ ವಿಷವನ್ನು ನಾಲಿಗೆಯಲ್ಲೇ ಗುರುತಿಸಬಲ್ಲವನು ಒಬ್ಬನೇ ಒಬ್ಬನಿದ್ದ. ಅವನೇ ಗುರುತಿಸಿ, ಬರೆದಿಟ್ಟು, ಬಟ್ಟಲು ವಾಪಸು ಕೊಡಲಾರದೆ ಕುಡಿದ.

"ಬೇಡ ಅಂತ ಒಂದು ಮಾತು," ಎಂದರು ಬುರುಲ್‌ಕಾನ್. "ಒಂದೇ ಒಂದು ಮಾತು ಅಂದಿದ್ರೆ ಆಗ್ತಿತ್ತು. ನಲವತ್ತು ವರ್ಷ ನನ್ನ ಅಡುಗೆಗೆ ಹೆಸರಿಟ್ಟ ಗಂಡಸು, ಅವತ್ತು ಒಂದು ಮಾತು ಆಡ್ಲಿಲ್ಲ ನೋಡು."

ಹೇಳಿಕೆ ಬರೆದುಕೊಂಡೆ. ಅವರು ಓದದೆ ಸಹಿ ಹಾಕಿದರು. ಕಾಗದ ಮಡಿಸಿ ನೋಟುಪುಸ್ತಕದೊಳಗಿಟ್ಟು, ಕೋಟಿನ ಜೇಬಿಗೆ ಸೇರಿಸಿದೆ. ಗಂಟೆ ನಾಲ್ಕೂವರೆ ದಾಟಿತ್ತು. ಜಿಲ್ಲಾ ಕಚೇರಿ ಮುಕ್ಕಾಲು ಗಂಟೆಯ ದಾರಿ.

"ಕನಿಶಾಯ್ ನಾಳೆ ಮನೇಲಿರ್ತಾಳೆ," ಎಂದೆ. "ನಿಮ್ಮ ವಿಷಯ ಆಮೇಲೆ ನೋಡೋಣ."

"ನನ್ನ ವಿಷಯ ಏನಿದೆ ನೋಡೋಕೆ." ಬಾಗಿಲವರೆಗೆ ಬಂದವರು ನನ್ನ ತೋಳು ಹಿಡಿದರು. ಆ ಹಿಡಿತದಲ್ಲಿ ಸಿಟ್ಟಿರಲಿಲ್ಲ. "ಎಸೆನ್‌ಕುಲ್, ಸೀಸೆ ವಾಪಸು ಕೊಡೋಕೆ ಹೋದ ದಿನ ಸೊನುನ್ ಮನೇಲಿ ನಾನೊಬ್ಬಳೇ ಇರ್ಲಿಲ್ಲ. ನಿಮ್ಮಮ್ಮ ಇದ್ರು. ಕೈಲಿ ಕೆಂಪು ದಾರದ ಸೀಸೆ ಇತ್ತು. ನನ್ನ ಕಂಡು ತಲೆವಸ್ತ್ರದಡಿ ಮುಚ್ಕೊಂಡ್ರು."

ನನ್ನ ಕಾಲು ಮೆಟ್ಟಿಲ ಮೇಲೇ ನಿಂತಿತು. "ನಮ್ಮಮ್ಮನಿಗೇನಾಗಿದೆ?"

"ನನಗೇನು ಗೊತ್ತು. ಮನೆಗೆ ಹೋಗಿ ನೋಡ್ಕೊ. ತುಟಿ ಹೊಲ್ಕೊಂಡು ಕೂರ್ಬೇಡ, ನಮ್ಮ ಹಾಗೆ."

ಜೀಪು ಹತ್ತಿ ಹೊರಟೆ. ಅಮ್ಮನಿಗೆ ಎಪ್ಪತ್ತೆಂಟು. ಎರಡು ವಾರದಿಂದ ತೆಳ್ಳಗಾಗಿದ್ದಾಳೆ ಎಂದು ನನಗನ್ನಿಸಿತ್ತು, ಕೇಳಿರಲಿಲ್ಲ. ಊರಿನವರ ಮನೆಯ ಕಿಟಕಿಗಳನ್ನೆಲ್ಲ ತಡಕಾಡುವ ನಾನು ಹೆತ್ತವಳ ಮುಖವನ್ನು ಸರಿಯಾಗಿ ನೋಡಿರಲಿಲ್ಲ. ಬಲಕ್ಕೆ ಸರೋವರ ಬೂದುಬಣ್ಣಕ್ಕೆ ತಿರುಗಿತ್ತು. ದಾರಿಯುದ್ದಕ್ಕೂ ನಾನು ಅಮ್ಮನಿಗೆ ಹೇಗೆ ಹೇಳಿ ಕುಡಿಯುವುದನ್ನು ಬಿಡಿಸಲಿ ಎಂದು ಮಾತು ಜೋಡಿಸಿದೆ. ಒಂದೂ ಜೋಡಣೆಯಾಗಲಿಲ್ಲ.

ನಮ್ಮ ಮನೆ ಕಚೇರಿಯ ದಾರಿಯಲ್ಲೇ ಇದೆ, ಇನ್ನೂ ಇಪ್ಪತ್ತೈದು ನಿಮಿಷ ಈಚೆಗೆ. ಐದು ನಿಮಿಷ ನಿಂತು ಹೋಗುವುದೆಂದು ಜೀಪು ನಿಲ್ಲಿಸಿದೆ. ಐದು ಗಂಟೆಯಾಗಲು ಇನ್ನೂ ಕೆಲವು ನಿಮಿಷವಿತ್ತು.

ಅಮ್ಮ ಬಾಗಿಲಲ್ಲೇ ಇದ್ದಳು. ಕೈಯಲ್ಲಿ ಜವೆಯ ಅಂಬಲಿಯ ಬಟ್ಟಲು. ಈಚೆಗೆ ನಾನು ಬಂದ ಕೂಡಲೇ ಇದನ್ನು ತನ್ನ ಕೈಯಾರೆ ಕೊಟ್ಟೇ ಒಳಗೆ ಬಿಡುತ್ತಿದ್ದಳು.

"ಬೇಗ ಬಂದೆ ಇವತ್ತು," ಎಂದಳು. "ಕುಡಿ ಮೊದ್ಲು. ಹುಣ್ಣಿಗೆ ತಂಪು."

"ಅಮ್ಮಾ, ನಿನಗೆ ಮೈಗೆ ಹುಷಾರಿದೆಯಾ?"

"ನನಗೇನೋ ಬಂದಿರೋದು? ಮಧ್ಯಾಹ್ನ ಎರಡು ತಟ್ಟೆ ನೂಡಲ್ಸ್ ತಿಂದೆ, ನಿನ್ನ ಹೆಂಡ್ತೀನ ಕೇಳು. ಕುಡಿಯೋ, ಹಿಡ್ಕೊಂಡು ನಿಂತ್ರೆ ನನ್ನ ಕೈ ಸೋಲುತ್ತೆ."

ಅವಳ ಮುಖವನ್ನು ಹತ್ತಿರದಿಂದ ನೋಡಿದೆ. ಕೆನ್ನೆ ಕೆಂಪಗಿತ್ತು, ಕಣ್ಣು ಚುರುಕಾಗಿತ್ತು. ಹೊಟ್ಟೆಯೊಳಗೆ ಗಡ್ಡೆಯಿರುವವಳು ಹೀಗೆ ಗದರುವುದಿಲ್ಲ. ನನ್ನ ಎದೆಯ ಮೇಲಿಂದ ಬಂಡೆ ಇಳಿದಂತಾಯಿತು. ಆ ಸಂತೋಷಕ್ಕೇ ಬಟ್ಟಲನ್ನು ಎತ್ತಿ ಗಟಗಟನೆ ಮುಗಿಸಿದೆ. ಅಮ್ಮ ಖಾಲಿ ಬಟ್ಟಲ ತಳ ನೋಡಿ ತೃಪ್ತಿಯಿಂದ ಒಳಗೆ ಹೋದಳು.

ನನ್ನ ಹೆಂಡತಿ ಜಿಪಾರ್ ಚಹಾ ಕುದಿಯುವ ಸಮಾವಾರದ ಪಕ್ಕದಲ್ಲಿ ಕೂತು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಅವಳು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ನನ್ನನ್ನು ನೋಡಿ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಚಹಾ ಬಗ್ಗಿಸಿದಳು.

"ನಿಂತೇ ಕುಡೀರಿ, ಪರವಾಗಿಲ್ಲ. ಮತ್ತೆ ಹೊರಡೋರ ಮುಖ ನಿಮ್ಮದು."

"ಜಿಪಾರ್, ಕನಿಶಾಯ್ ಕೊಂದಿಲ್ಲ. ಕಾಗದ ನನ್ನ ಜೇಬಲ್ಲಿದೆ."

"ಹೌದಾ!" ಅವಳ ಮುಖ ಅರಳಿತು. "ಪಾಪ ಆ ಕೂಸು. ಬೇಗ ಹೋಗಿ ಕೊಟ್ಟುಬನ್ನಿ. ಚಹಾ ಮುಗಿಸಿ, ಹೊರಡಿ."

ಅರ್ಧ ಬಟ್ಟಲು ಕುಡಿದಿದ್ದೆ. ಅವಳ ತಲೆಯ ಮೇಲೆ ಗೋಡೆಯಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ಇತ್ತು. ಇವತ್ತಿನ ಹಾಳೆಯ ಮೂಲೆಯಲ್ಲಿ ಪೆನ್ಸಿಲ್ ಚುಕ್ಕೆಗಳಿದ್ದವು, ಸಣ್ಣಗೆ, ಒಪ್ಪವಾಗಿ, ಐದೈದರ ಎರಡು ಸಾಲು.

"ಅದೇನು ಚುಕ್ಕೆ?"

"ಯಾವುದು? ಅದಾ... ಶಾಲೇದು. ಮಕ್ಕಳ ಲೆಕ್ಕ." ಜಿಪಾರ್ ಸುಳ್ಳು ಹೇಳುವಾಗ ಎಡ ಕಿವಿ ಮುಟ್ಟಿಕೊಳ್ಳುತ್ತಾಳೆ. ಮುಟ್ಟಿಕೊಂಡಳು.

ಸೊನುನ್ ಬಾಗಿಲಲ್ಲಿ ನಿಂತು ಕೇಳಿದ ಮಾತು ನೆನಪಾಯಿತು. ಓಣಿಯ ಬೆಂಚು ನೆನಪಾಯಿತು. ತುಟಿಯ ಜೋಮು ನೆನಪಾಯಿತು, ಜೊತೆಗೆ ನನ್ನ ತಂಬಾಕಿನ ಡಬ್ಬಿ ಮೂರು ದಿನದಿಂದ ಖಾಲಿಯಿದೆ ಎಂಬುದೂ. ಮೇಷ್ಟ್ರು ಸತ್ತು ಇವತ್ತಿಗೆ ಒಂದು ಚಂದ್ರ ತಿರುಗಿತ್ತು. ಮತ್ತೆ ಹತ್ತನೆಯ ದಿನ.

ಬಟ್ಟಲನ್ನು ಕೆಳಗಿಟ್ಟು ಅಮ್ಮ ಮಲಗುವ ಕಡೆಯ ಕಿಟಕಿಗೆ ಹೋದೆ. ಎರಡೇ ಹೆಜ್ಜೆಯ ದೂರ. ಕಿಟಕಿಯ ಕಟ್ಟೆಯ ಮೇಲೆ ಒಂದು ಬಟ್ಟಲು ಬೋರಲು ಬಿದ್ದಿತ್ತು. ಎತ್ತಿದೆ.

ಎಣಿಸಬೇಕಾಗಿರಲಿಲ್ಲ. ಆದರೂ ಎಣಿಸಿದೆ.

"ಅದನ್ನ ಮುಟ್ಬೇಡ್ವೋ," ಎಂದು ಅಮ್ಮ ಎದ್ದಳು. "ಶಕುನದ ಕಾಳು ಅದು..."

ಮಾತು ಅಲ್ಲಿಗೆ ನಿಂತಿತು. ಅವಳು ನನ್ನ ಮುಖ ನೋಡಿದಳು. ನನ್ನ ಕಣ್ಣು ಹೋದ ಕಡೆ, ಕ್ಯಾಲೆಂಡರಿನ ಚುಕ್ಕೆಗಳ ಕಡೆ ನೋಡಿದಳು. ನಲವತ್ತೊಂದು ಕಾಳಿನಲ್ಲಿ ಊರಿನ ಹಣೆಬರಹ ಓದುವವಳಿಗೆ ಹತ್ತು ಚುಕ್ಕೆ ಓದಲು ಎಷ್ಟು ಹೊತ್ತು ಬೇಕು?

"ಸೊಸೆ," ಎಂದಳು ಮೆಲ್ಲಗೆ. "ಆ ಚುಕ್ಕೆ ಯಾವತ್ತಿಂದ ಹಾಕ್ತಿದ್ದೀಯಾ?"

ಜಿಪಾರ್ ಕಣ್ಣು ನನ್ನ ಅಂಗೈಯ ಕಾಳುಗಳ ಮೇಲಿತ್ತು, ಇನ್ನೂ ಅರ್ಥವಾಗಿರಲಿಲ್ಲ. "ಏನಾಯ್ತು ನಿಮಗಿಬ್ಬರಿಗೂ?"

"ಹೊಸ ಚಂದ್ರ ಕಂಡಂದಿಂದಲಾ?" ಅಮ್ಮ ಮತ್ತೆ ಕೇಳಿದಳು.

"ಜಿಪಾರ್," ಎಂದೆ. ಜೇಬಿನಿಂದ ನೋಟುಪುಸ್ತಕ ತೆಗೆದು ಅವಳ ಕೈಗಿಟ್ಟೆ. "ಒಳಗೊಂದು ಕಾಗದ ಇದೆ. ಆರರೊಳಗೆ ಪ್ರಾಸಿಕ್ಯೂಟರ್ ಕೈಗೆ ಸೇರ್ಬೇಕು. ಪಕ್ಕದ ಮನೆಯವರನ್ನ ಕರಿ, ನನ್ನ ಜೀಪು ತಗೊಳ್ಳಿ."

"ನೀವೇ ಹೋಗ್ತಿದ್ರಲ್ಲ?"

"ಅವತ್ತು ಓಣೀಲಿ ನನ್ನ ಕೂರಿಸಿ, ಡಾಕ್ಟರು ನಿನಗೇನಂದ್ರು?"

ಅವಳ ಕೈ ಕಿವಿಗೆ ಹೋಯಿತು. "ಹುಣ್ಣು ಅಂದ್ರು," ಎಂದಳು. ನೋಟುಪುಸ್ತಕ ಎದೆಗೊತ್ತಿಕೊಂಡಳು. "ಹುಣ್ಣು ಅಂತಾನೇ ಅಂದ್ರು."

ಜೀಪಿನ ಕೀಲಿ ಕೊಡಲು ಜೇಬಿಗೆ ಕೈ ಹಾಕಿದೆ. ಕೀಲಿ ಅಲ್ಲೇ ಇತ್ತು, ಸದ್ದು ಕೇಳುತ್ತಿತ್ತು, ಬೆರಳಿಗೆ ಮಾತ್ರ ತಿಳಿಯುತ್ತಿರಲಿಲ್ಲ. ತುಟಿಯ ಬಲಭಾಗದಿಂದ ಶುರುವಾದದ್ದು ಗಲ್ಲದವರೆಗೆ ಇಳಿದಿತ್ತು. ಗಡಿಯಾರ ನೋಡಿದೆ. ಐದೂ ಹತ್ತು. ಮೇಷ್ಟ್ರಿಗೆ ಸಿಕ್ಕಿದ್ದು ನಲವತ್ತು ನಿಮಿಷ.

ಹಿಂದಿನಿಂದ ಬಟ್ಟೆಯ ಸರಸರ ಸದ್ದು ಕೇಳಿ ತಿರುಗಿದೆ. ಅಮ್ಮ ಹಾಸಿನ ಮೇಲೆ ಕೂತಿದ್ದಳು. ತಲೆವಸ್ತ್ರದ ಗಂಟು ಬಿಚ್ಚಿ, ಎರಡೂ ಕೈ ಸೊಂಟಕ್ಕೆ ಒತ್ತಿ, ನಿಧಾನವಾಗಿ ಗೋಡೆಗೆ ಮುಖ ತಿರುಗಿಸಿದಳು.

ನಾನಿನ್ನೂ ನಿಂತೇ ಇದ್ದೆ.